ತಣ್ಣಗಿರುವಾಗ ಪರೀಕ್ಷೆ, ಬಿಸಿಯಿರುವಾಗ ಬಿಚ್ಚುವುದು: ಡೀಸೆಲ್ ಎಂಜಿನ್ನಿನ ಹೀಟರ್ ಪ್ಲಗ್

ಬೆಳಿಗ್ಗೆ ಕೀ ತಿರುಗಿಸುತ್ತೀರಿ. ಸೆಲ್ಫ್ ಚೆನ್ನಾಗಿಯೇ ಸುತ್ತುತ್ತದೆ, ಬ್ಯಾಟರಿಯಲ್ಲಿ ಜೀವ ಇದೆ. ಆದರೂ ಎಂಜಿನ್ ಹಿಡಿಯುವುದಿಲ್ಲ. ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಒಂದು ಸಿಲಿಂಡರ್ ಹೊಡೆಯುತ್ತದೆ, ಆಮೇಲೆ ಇನ್ನೊಂದು. ಗಾಡಿ ಪೂರ್ತಿ ಗಡಗಡ ನಡುಗುತ್ತದೆ. ಸೈಲೆನ್ಸರ್‌ನಿಂದ ಬಿಳಿ ಹೊಗೆ, ಕಣ್ಣು ಉರಿಸುವ ಹಸಿ ಡೀಸೆಲ್ ವಾಸನೆ. ಎರಡು ನಿಮಿಷ ಕಳೆದರೆ ಎಲ್ಲ ಸರಿ. ಮಧ್ಯಾಹ್ನ ಮತ್ತೆ ಸ್ಟಾರ್ಟ್ ಮಾಡಿದರೆ ಕೀ ಮುಟ್ಟುತ್ತಿದ್ದಂತೆ ಹಿಡಿದುಬಿಡುತ್ತದೆ.

ಇಷ್ಟೂ ಲಕ್ಷಣ ಒಟ್ಟಿಗೆ ಕಂಡರೆ ಮೊದಲು ನೋಡಬೇಕಾದದ್ದು ಗ್ಲೋ ಪ್ಲಗ್ಗನ್ನು. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ಹೀಟರ್ ಪ್ಲಗ್. ಅದು ಮಾಡುವ ಕೆಲಸವೂ ಬಿಸಿ ಮಾಡುವುದೇ, ಹಾಗಾಗಿ ಇಲ್ಲಿ ನಾನೂ ಹೀಟರ್ ಪ್ಲಗ್ ಅಂತಲೇ ಬರೆಯುತ್ತೇನೆ.

ನೋಡಲು ಬೆರಳುದ್ದದ ಸಣ್ಣ ಸಾಮಾನು. ಬದಲಾಯಿಸುವುದೂ ಕಾಗದದ ಮೇಲೆ ಸುಲಭ: ವೈರ್ ತೆಗೆಯುವುದು, ಬಿಚ್ಚುವುದು, ಹೊಸದು ಹಾಕುವುದು. ಆದರೆ ಈ ಸಣ್ಣ ಸಾಮಾನಿನ ಅವಸರದಲ್ಲಿ ಇಡೀ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳವನ್ನೇ ಇಳಿಸಬೇಕಾಗಿ ಬಂದವರು ತುಂಬಾ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರು ಮಾಡಿದ ತಪ್ಪು ಒಂದೇ. ಪ್ಲಗ್ಗನ್ನು ಪರೀಕ್ಷಿಸುವಾಗ ಎಂಜಿನ್ ತಣ್ಣಗಿರಬೇಕು, ಬಿಚ್ಚುವಾಗ ಬಿಸಿಯಾಗಿರಬೇಕು. ಅವರು ಇದನ್ನು ಉಲ್ಟಾ ಮಾಡಿದ್ದರು.

ಕಿಡಿ ಬೇಡ, ಬಿಸಿ ಬೇಕು

ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿ ಬೆಂಕಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ನೋಡಿದ್ದೀರಿ ಅಲ್ವಾ? ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ತನ್ನ ಎಂಜಿನ್ ಕಟ್ಟಿದ್ದು ಈ ಗುಣವನ್ನು ನಂಬಿಕೊಂಡೇ. ಪಿಸ್ಟನ್ ಮೇಲೆ ಬರುವಾಗ ಗಾಳಿಯನ್ನು ಅದರ ಮೂಲ ಜಾಗದ ಹದಿನಾರನೆಯ, ಕೆಲವು ಹಳೆಯ ಎಂಜಿನ್‌ಗಳಲ್ಲಿ ಇಪ್ಪತ್ತೆರಡನೆಯ ಒಂದು ಭಾಗಕ್ಕೆ ಇಳಿಸಿಬಿಡುತ್ತದೆ. ಬೆಚ್ಚಗಿನ ಎಂಜಿನ್ನಿನಲ್ಲಿ ಆ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳಲು ಇನ್ನೂರು ಚಿಲ್ಲರೆ ಡಿಗ್ರಿ ಸಾಕು. ಇಂಜೆಕ್ಟರ್ ಡೀಸೆಲ್ ಚಿಮ್ಮಿಸಿದ ಕೂಡಲೇ ಅದು ಉರಿಯುತ್ತದೆ.

ಹಾಗಾದರೆ ಬೆಳಿಗ್ಗೆ ತೊಂದರೆ ಯಾಕೆ? ರಾತ್ರಿಯೆಲ್ಲ ತಣ್ಣಗಾದ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಆ ಬಿಸಿಯನ್ನು ಹೀರಿಕೊಳ್ಳುತ್ತವೆ. ಸೆಲ್ಫ್ ಎಂಜಿನ್ನನ್ನು ಸುತ್ತಿಸುವ ವೇಗ ತೀರಾ ಕಡಿಮೆ, ನಿಮಿಷಕ್ಕೆ ಇನ್ನೂರು ಸುತ್ತಿನ ಆಸುಪಾಸು. ಅಷ್ಟು ನಿಧಾನಕ್ಕೆ ಒತ್ತುವಾಗ ಗಾಳಿಗೆ ರಿಂಗ್‌ಗಳ ಪಕ್ಕದಿಂದ ಸೋರಲೂ ಸಮಯ ಸಿಗುತ್ತದೆ, ಬಿಸಿ ಕಳೆದುಕೊಳ್ಳಲೂ ಸಮಯ ಸಿಗುತ್ತದೆ. ಗಾಳಿ ಸಾಕಷ್ಟು ಕಾಯುವುದಿಲ್ಲ. ಡೀಸೆಲ್ ಉರಿಯದೆ ಹಬೆಯಂತೆ ಹೊರಗೆ ಬರುತ್ತದೆ. ಆ ಬಿಳಿ ಹೊಗೆ ಅದೇ.

ಈ ಕೊರತೆಯನ್ನು ತುಂಬುವುದು ಹೀಟರ್ ಪ್ಲಗ್. ಪ್ರತಿ ಸಿಲಿಂಡರ್‌ಗೆ ಒಂದರಂತೆ ಹೆಡ್ಡಿನಲ್ಲಿ ಕೂತಿರುತ್ತದೆ. ಅದರ ತುದಿ ಡೀಸೆಲ್ ಚಿಮ್ಮುವ ಜಾಗದ ಅಂಚಿಗೆ ಚಾಚಿಕೊಂಡಿರುತ್ತದೆ. ಕರೆಂಟ್ ಹರಿದರೆ ತುದಿ ಕೆಂಪಗೆ ಕಾಯುತ್ತದೆ, ಹತ್ತಿರ ಬಂದ ಡೀಸೆಲ್ ಹನಿಗಳು ಹೊತ್ತಿಕೊಳ್ಳುತ್ತವೆ.

ಎಲ್ಲ ಡೀಸೆಲ್ ಎಂಜಿನ್ನಿಗೂ ಇದು ಒಂದೇ ಪ್ರಮಾಣದಲ್ಲಿ ಬೇಕಾಗುವುದಿಲ್ಲ. ಹಳೆಯ ಮಾದರಿಗಳಲ್ಲಿ ಡೀಸೆಲ್ ಮೊದಲು ಹೆಡ್ಡಿನೊಳಗಿನ ಒಂದು ಪುಟ್ಟ ಗೂಡಿಗೆ ಚಿಮ್ಮುತ್ತಿತ್ತು. ಆ ಗೂಡಿನ ಗೋಡೆಗಳು ಬಿಸಿಯನ್ನು ಬೇಗ ಹೀರುತ್ತಿದ್ದವು. ಹಾಗಾಗಿ ಅಂಥ ಎಂಜಿನ್‌ಗಳಿಗೆ ಚಳಿ ಇರಲಿ ಬಿಡಲಿ, ಬೆಳಗಿನ ಸ್ಟಾರ್ಟಿಗೆ ಹೀಟರ್ ಬೇಕೇ ಬೇಕು. ಈಗಿನ ಎಂಜಿನ್‌ಗಳಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ತಲೆಯ ಮೇಲೆ ಚಿಮ್ಮುತ್ತದೆ. ಇವು ಒಂದು ಪ್ಲಗ್ ಸತ್ತಿದ್ದರೂ, ಹವೆ ಬೆಚ್ಚಗಿದ್ದರೆ ಏನೂ ಗೊತ್ತಾಗದ ಹಾಗೆ ಸ್ಟಾರ್ಟ್ ಆಗುತ್ತವೆ. ಚಳಿ ಬಂದಾಗಲೇ ಬಣ್ಣ ಬಯಲಾಗುವುದು. ಇನ್ನು ಕೆಲವು ದೊಡ್ಡ ಎಂಜಿನ್‌ಗಳಲ್ಲಿ ಹೀಟರ್ ಪ್ಲಗ್ಗೇ ಇರುವುದಿಲ್ಲ. ಗಾಳಿ ಒಳಗೆ ಹೋಗುವ ದಾರಿಯಲ್ಲಿ ಜಾಲರಿಯಂಥ ಹೀಟರ್ ಇರುತ್ತದೆ. ನಿಮ್ಮದು ಯಾವುದು ಅಂತ ಮೊದಲು ತಿಳಿದುಕೊಳ್ಳಿ.

ಹೊಸ ಗಾಡಿಗಳಲ್ಲಿ ಪ್ಲಗ್ಗಿನ ಕೆಲಸ ಸ್ಟಾರ್ಟ್ ಆದಾಗಲೇ ಮುಗಿಯುವುದಿಲ್ಲ. ಎಂಜಿನ್ ಹಿಡಿದ ಮೇಲೂ ಒಂದೆರಡು ನಿಮಿಷ, ಕೆಲವದರಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಅದು ಕಾಯುತ್ತಲೇ ಇರುತ್ತದೆ. ಇದರಿಂದ ಹೊಗೆ ಕಡಿಮೆ, ಆ ಟಕಟಕ ಸದ್ದೂ ಕಡಿಮೆ. ಕೆಲವು ಎಂಜಿನ್‌ಗಳಲ್ಲಿ ಸೈಲೆನ್ಸರ್‌ನ ಮಸಿ ಫಿಲ್ಟರ್, ಅಂದರೆ ಡಿಪಿಎಫ್, ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳುವಾಗಲೂ ಹೀಟರ್ ಪ್ಲಗ್ ನೆರವಾಗುತ್ತದೆ. ಅಂಥ ಗಾಡಿಯಲ್ಲಿ ಪ್ಲಗ್ ಸತ್ತರೆ ಫಿಲ್ಟರ್ ಕಟ್ಟಿಕೊಳ್ಳಲು ಶುರುವಾಗುತ್ತದೆ. "ಸ್ಟಾರ್ಟ್ ಆಗ್ತಿದೆಯಲ್ಲ, ಇನ್ನೇನು" ಅಂತ ಬಿಡುವ ಹಾಗಿಲ್ಲ.

ಪ್ಲಗ್ಗಿನ ಒಳಗೆ

ಒಂದು ಹೀಟರ್ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡಿ. ಮೇಲೆ ವೈರ್ ಕೂರುವ ತುದಿ, ನಡುವೆ ಷಟ್ಕೋನದ ನಟ್ಟಿನ ಭಾಗ, ಅದರ ಕೆಳಗೆ ಥ್ರೆಡ್, ಆಮೇಲೆ ಪೆನ್ಸಿಲ್ಲಿಗಿಂತ ತೆಳ್ಳಗಿನ ಉದ್ದನೆಯ ಕಡ್ಡಿ. ಕಾಯುವುದು ಆ ಕಡ್ಡಿಯ ತುದಿ ಮಾತ್ರ. ಅದು ಟೊಳ್ಳು ಕೊಳವೆ. ಶಾಖ ತಡೆಯುವ ನಿಕ್ಕಲ್ ಮಿಶ್ರಲೋಹದ್ದು. ಒಳಗೆ ಸುರುಳಿ ತಂತಿ, ತಂತಿಯ ಸುತ್ತ ಬಿಗಿಯಾಗಿ ತುಂಬಿದ ಮೆಗ್ನೀಸಿಯಮ್ ಆಕ್ಸೈಡ್ ಪುಡಿ. ಈ ಪುಡಿ ಶಾಖವನ್ನು ಹೊರಗೆ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ.

ಸುರುಳಿ ಎರಡು ಭಾಗದ್ದು. ತುದಿಯಲ್ಲಿರುವುದು ಕಾಯುವ ಸುರುಳಿ. ಅದರ ಹಿಂದಿನದು ಲಗಾಮು ಹಾಕುವ ಸುರುಳಿ: ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟನ್ನು ತಡೆಯುವ ಗುಣ, ಏರುತ್ತದೆ, ಕರೆಂಟ್ ತಾನಾಗಿಯೇ ಇಳಿಯುತ್ತದೆ. ಹೀಗಾಗಿ ಪ್ಲಗ್ ಬೇಗ ಕಾಯುತ್ತದೆ, ಆದರೆ ಸುಟ್ಟುಹೋಗುವುದಿಲ್ಲ. ಮುಂದೆ ಮೀಟರ್ ಹಿಡಿದಾಗ ಈ ವಿಷಯ ತುಂಬಾ ಕೆಲಸಕ್ಕೆ ಬರುತ್ತದೆ. ಲೋಹದ ಪ್ಲಗ್‌ನ ತುದಿ ಸುಮಾರು 850ರಿಂದ 1000 ಡಿಗ್ರಿವರೆಗೆ ಹೋಗುತ್ತದೆ. ಸಿಲಿಕಾನ್ ನೈಟ್ರೈಡ್‌ನ ಸೆರಾಮಿಕ್ ಪ್ಲಗ್‌ಗಳು ಇನ್ನೂ ಮೇಲೆ, 1300 ಡಿಗ್ರಿಯ ಹತ್ತಿರ ಹೋಗುತ್ತವೆ. ಹಳೆಯ ಪ್ಲಗ್ಗಿಗೆ ಅರ್ಧ ನಿಮಿಷದಷ್ಟು ಕಾಯಬೇಕಿತ್ತು. ಈಗಿನವು ಎರಡು ಸೆಕೆಂಡಿನಲ್ಲಿ ತಯಾರು.

ಎರಡು ಸೆಕೆಂಡಿನಲ್ಲಿ ಹೇಗೆ? ಅವನ್ನು 12 ವೋಲ್ಟಿಗೆ ಮಾಡಿಯೇ ಇಲ್ಲ. 5 ವೋಲ್ಟ್, 7 ವೋಲ್ಟಿನ ಪ್ಲಗ್‌ಗಳವು. ಮೊದಲ ಕ್ಷಣ ಜಾಸ್ತಿ ವೋಲ್ಟೇಜ್ ತಳ್ಳಿ, ಆಮೇಲೆ ಕರೆಂಟನ್ನು ಕ್ಷಣಕ್ಷಣಕ್ಕೂ ಕಡಿದು ಬಿಟ್ಟು ಸರಾಸರಿಯನ್ನು ಇಳಿಸುವ ಕೆಲಸವನ್ನು ಕಂಟ್ರೋಲ್ ಮಾಡ್ಯೂಲ್ ಮಾಡುತ್ತದೆ. ಇಂಥ ಪ್ಲಗ್ಗಿಗೆ ನೀವು ಬ್ಯಾಟರಿಯಿಂದ ನೇರ ವೈರ್ ಕೊಟ್ಟು "ಕಾಯುತ್ತಾ ನೋಡೋಣ" ಅಂದರೆ ಕೆಲವೇ ಸೆಕೆಂಡಿನಲ್ಲಿ ಅದು ಸುಟ್ಟುಹೋಗುತ್ತದೆ. ಚೆನ್ನಾಗಿದ್ದ ಪ್ಲಗ್ಗನ್ನು ನೀವೇ ಕೊಂದ ಹಾಗೆ. ಪ್ಲಗ್ಗಿನ ಮೈಮೇಲೆ ವೋಲ್ಟ್ ಬರೆದಿರುತ್ತದೆ. ಓದದೆ ಕರೆಂಟ್ ಕೊಡಬೇಡಿ.

ನಿಜಕ್ಕೂ ಪ್ಲಗ್ಗಿನದೇ ತೊಂದರೆಯಾ?

ಬೆಳಗಿನ ಸ್ಟಾರ್ಟ್ ಕಷ್ಟವಾಗಲು ಇನ್ನೂ ನಾಲ್ಕಾರು ಕಾರಣ ಇರಬಹುದು. ಬೇರೆ ಮಾಡಿ ನೋಡುವ ಸುಲಭದ ಪ್ರಶ್ನೆ ಇದು: ಬಿಸಿಯಿದ್ದಾಗ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ? ಬಿಸಿಯಿದ್ದಾಗಲೂ ತಡವಾಗುತ್ತಿದ್ದರೆ ಪ್ಲಗ್ಗನ್ನು ಬಿಟ್ಟುಬಿಡಿ. ಡೀಸೆಲ್ ಲೈನಿನಲ್ಲಿ ಏರ್ ಎಳೆಯುತ್ತಿರಬಹುದು, ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಅಥವಾ ಪಂಪಿನ ತೊಂದರೆ ಇರಬಹುದು. ತಣ್ಣಗಿದ್ದಾಗ ಮಾತ್ರ ತೊಂದರೆ ಅಂದರೆ ಹೀಟರ್, ಇಲ್ಲದಿದ್ದರೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ), ಇಲ್ಲದಿದ್ದರೆ ಬ್ಯಾಟರಿ. ಬ್ಯಾಟರಿ ಸೋತಿದ್ದರೆ ಎರಡು ಪಟ್ಟು ಹೊಡೆತ: ಸೆಲ್ಫ್ ನಿಧಾನ ಸುತ್ತುತ್ತದೆ, ಪ್ಲಗ್ಗಿಗೂ ಕರೆಂಟ್ ಸಾಲುವುದಿಲ್ಲ. ಹಾಗಾಗಿ ಪ್ಲಗ್ ಪರೀಕ್ಷೆಗೆ ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ.

ಹೊಗೆಯ ವಾಸನೆಯನ್ನೂ ಗಮನಿಸಿ. ಹಸಿ ಡೀಸೆಲ್ ವಾಸನೆ ಬಂದು ಕಣ್ಣು ಉರಿದರೆ ಅದು ಉರಿಯದ ಡೀಸೆಲ್. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಬರುತ್ತಾ, ಕೂಲೆಂಟ್ ಕಡಿಮೆಯಾಗುತ್ತಾ ಹೋದರೆ ಅದು ಹೆಡ್ ಗ್ಯಾಸ್ಕೆಟ್ಟಿನ ಕಥೆ. ಕಪ್ಪು ಹೊಗೆಗೂ ಹೀಟರ್ ಪ್ಲಗ್ಗಿಗೂ ಸಂಬಂಧ ಇಲ್ಲ.

ಡ್ಯಾಶ್‌ಬೋರ್ಡಿನ ಸುರುಳಿ ಲೈಟನ್ನು, ಅಂದರೆ ಹೀಟರ್ ಪ್ಲಗ್ಗಿನ ಸೂಚನೆಯ ಲೈಟನ್ನು, ಜನ ಅತಿಯಾಗಿ ನಂಬುತ್ತಾರೆ. ಲೈಟ್ ಆರಿತು ಅಂದರೆ ಪ್ಲಗ್ ಕಾದಿದೆ ಅಂತ ಅಂದುಕೊಳ್ಳುತ್ತಾರೆ. ಹಳೆಯ ಗಾಡಿಗಳಲ್ಲಿ ಅದು ಬರೀ ಟೈಮರ್. ಕೂಲೆಂಟ್ ಎಷ್ಟು ತಣ್ಣಗಿದೆ ಅಂತ ನೋಡಿ, ಇಷ್ಟು ಸೆಕೆಂಡ್ ಸಾಕು ಅಂತ ಲೆಕ್ಕ ಹಾಕಿ ಆರುತ್ತದೆ. ನಾಲ್ಕೂ ಪ್ಲಗ್ ಸತ್ತಿದ್ದರೂ ಹಲವು ಗಾಡಿಗಳಲ್ಲಿ ಅದು ಅಷ್ಟೇ ಅಚ್ಚುಕಟ್ಟಾಗಿ ಹತ್ತಿ ಆರುತ್ತದೆ. ಹೊಸ ಗಾಡಿಗಳಲ್ಲಿ ಮಾಡ್ಯೂಲ್ ಪ್ರತಿ ಪ್ಲಗ್ಗನ್ನೂ ಬೇರೆಬೇರೆಯಾಗಿ ಗಮನಿಸುತ್ತದೆ, ತೊಂದರೆ ಇದ್ದರೆ ಲೈಟ್ ಹತ್ತಿಕೊಂಡೇ ಇರುತ್ತದೆ ಅಥವಾ ಮಿನುಗುತ್ತದೆ. ಕೆಲವು ಗಾಡಿಗಳಲ್ಲಿ ಅದೇ ಸುರುಳಿ ಲೈಟ್ ಹೀಟರಿಗೆ ಸಂಬಂಧವೇ ಇಲ್ಲದ ಎಂಜಿನ್ ತೊಂದರೆಗೂ ಮಿನುಗುತ್ತದೆ.

ಗಾಡಿಯ ಕಂಪ್ಯೂಟರ್ ದಾಖಲಿಸಿದ ತೊಂದರೆಯ ಕೋಡ್ ತೋರಿಸುವ ಸ್ಕ್ಯಾನರ್ ಇದ್ದರೆ ಕೋಡ್ ಓದಿ. ಪಿ0671 ಅಂದರೆ ಒಂದನೆಯ ಸಿಲಿಂಡರ್‌ನ ಹೀಟರ್ ಸರ್ಕ್ಯೂಟ್, ಪಿ0672 ಎರಡನೆಯದು, ಹೀಗೆ ಪಿ0678ರವರೆಗೆ ಎಂಟು ಸಿಲಿಂಡರ್. ಪಿ0380 ಅಂದರೆ ಹೀಟರ್ ಸರ್ಕ್ಯೂಟಿನ ಒಟ್ಟಾರೆ ತೊಂದರೆ, ಪಿ0670 ಅಂದರೆ ಕಂಟ್ರೋಲ್ ಮಾಡ್ಯೂಲ್ ಸರ್ಕ್ಯೂಟಿನದು. ಕೋಡಿನಲ್ಲಿ "ಸರ್ಕ್ಯೂಟ್" ಅನ್ನುವ ಮಾತನ್ನು ಕಡೆಗಣಿಸಬೇಡಿ. ಪ್ಲಗ್ ಸತ್ತರೂ ಅದೇ ಕೋಡ್, ಪ್ಲಗ್ಗಿಗೆ ಹೋಗುವ ವೈರ್ ತುಂಡಾದರೂ ಅದೇ ಕೋಡ್. ಕೋಡ್ ನೋಡಿ ನೇರ ಅಂಗಡಿಗೆ ಓಡುವ ಬದಲು ಮೀಟರ್ ಕೈಗೆತ್ತಿಕೊಳ್ಳಿ.

ಮೀಟರ್ ಹಿಡಿದು ನೋಡುವುದು

ಎಂಜಿನ್ ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾಗಿರಬೇಕು. ಇದಕ್ಕೆ ಎರಡು ಕಾರಣ. ಬಿಸಿ ಎಂಜಿನ್ನಿನಲ್ಲಿ ಮಾಡ್ಯೂಲ್ "ಹೀಟರ್ ಬೇಕಾಗಿಲ್ಲ" ಅಂತ ಕರೆಂಟನ್ನೇ ಕೊಡುವುದಿಲ್ಲ. ನೀವು ರಿಲೇ, ಅಂದರೆ ಪ್ಲಗ್‌ಗಳಿಗೆ ಕರೆಂಟ್ ಬಿಡುವ ಸ್ವಿಚ್, ಕೆಟ್ಟಿದೆ ಅಂದುಕೊಳ್ಳುತ್ತೀರಿ. ಇನ್ನೊಂದು, ಬಿಸಿಯಿದ್ದಾಗ ಆ ಲಗಾಮಿನ ಸುರುಳಿಯ ರೆಸಿಸ್ಟೆನ್ಸ್ ಏರಿರುತ್ತದೆ. ಸರಿಯಿರುವ ಪ್ಲಗ್ಗೂ ತಪ್ಪು ಲೆಕ್ಕ ತೋರಿಸುತ್ತದೆ.

ಮೊದಲು ಕರೆಂಟ್ ಬರುತ್ತಿದೆಯಾ ನೋಡಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಡಿ, ಕಪ್ಪು ವೈರನ್ನು ಎಂಜಿನ್ ಅರ್ಥ್‌ಗೆ, ಕೆಂಪನ್ನು ಪ್ಲಗ್ಗಿನ ಮೇಲ್ತುದಿಗೆ ಹಿಡಿದು ಇನ್ನೊಬ್ಬರಿಂದ ಕೀ ಆನ್ ಮಾಡಿಸಿ. 12 ವೋಲ್ಟ್ ವ್ಯವಸ್ಥೆಯಲ್ಲಿ ಬ್ಯಾಟರಿಗಿಂತ ಒಂದು ವೋಲ್ಟಿನಷ್ಟು ಕಡಿಮೆ ಕಂಡರೆ ಸರಿ. ಏನೂ ಬರದಿದ್ದರೆ ತೊಂದರೆ ಪ್ಲಗ್ಗಿನದಲ್ಲ. ಫ್ಯೂಸ್ ನೋಡಿ, ಇದು ದಪ್ಪ ಫ್ಯೂಸ್, 50ರಿಂದ 80 ಆಂಪಿಯರ್‌ನದು ಇರುತ್ತದೆ, ಎಷ್ಟೋ ಸಲ ಬಿರುಕು ಕಣ್ಣಿಗೆ ಕಾಣುವುದೇ ಇಲ್ಲ. ಆಮೇಲೆ ರಿಲೇ, ಆಮೇಲೆ ಕೂಲೆಂಟ್ ಸೆನ್ಸರ್. ಸೆನ್ಸರ್ ಕೆಟ್ಟು ತಣ್ಣನೆಯ ಎಂಜಿನ್ನನ್ನು ಬಿಸಿ ಅಂತ ಹೇಳುತ್ತಿದ್ದರೆ ಹೀಟರ್ ಯಾವತ್ತೂ ಆನ್ ಆಗುವುದಿಲ್ಲ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಯಾವುದೋ ಒಂದು ಪ್ಲಗ್ ಒಳಗೇ ಶಾರ್ಟ್ ಆಗಿರಬಹುದು.

ಕರೆಂಟ್ ಬರುತ್ತಿದ್ದರೆ ಮುಂದಿನದು ರೆಸಿಸ್ಟೆನ್ಸ್. ಕೀ ಆಫ್ ಮಾಡಿ, ಪ್ರತಿ ಪ್ಲಗ್ಗಿನ ವೈರ್ ಅಥವಾ ನಾಲ್ಕನ್ನೂ ಸೇರಿಸುವ ಪಟ್ಟಿಯನ್ನು ತೆಗೆಯಿರಿ. ಪಟ್ಟಿ ತೆಗೆಯದೆ ಅಳೆದರೆ ಒಂದರ ಲೆಕ್ಕ ಇನ್ನೊಂದರಲ್ಲಿ ಸೇರಿ ಎಲ್ಲವೂ ಸರಿಯಿದ್ದ ಹಾಗೆ ಕಾಣುತ್ತದೆ. ಆಮೇಲೆ ಮೀಟರಿನ ಎರಡೂ ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿ ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. 0.2 ಅಥವಾ 0.3 ಓಮ್ ಇರುತ್ತದೆ. ಇದನ್ನು ಪ್ರತಿ ಅಳತೆಯಿಂದಲೂ ಕಳೆಯಬೇಕು. ಬೇರೆ ಕೆಲಸದಲ್ಲಿ ಇಷ್ಟು ಸಣ್ಣ ಅಂಕಿಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಇಲ್ಲಿ ಮಾತ್ರ ಅದು ಬೇಕು, ಯಾಕಂದರೆ ಪ್ಲಗ್ಗಿನ ರೆಸಿಸ್ಟೆನ್ಸೇ ಅಷ್ಟು ಸಣ್ಣದು. ಸಾಮಾನ್ಯ 12 ವೋಲ್ಟಿನ ಪ್ಲಗ್ ತಣ್ಣಗಿದ್ದಾಗ ಅರ್ಧ ಓಮ್‌ನಿಂದ ಒಂದೂವರೆ ಎರಡು ಓಮ್ ಒಳಗೆ ಇರುತ್ತದೆ, ಕಡಿಮೆ ವೋಲ್ಟಿನವು ಇನ್ನೂ ಕೆಳಗೆ. ಮೀಟರ್ ಏನೂ ತೋರಿಸದೆ ಓಪನ್ ಅಂದರೆ ಸುರುಳಿ ತುಂಡಾಗಿದೆ, ಪ್ಲಗ್ ಸತ್ತಿದೆ. ನಾಲ್ಕರಲ್ಲಿ ಮೂರು 0.7 ತೋರಿಸಿ ಒಂದು ಮಾತ್ರ 3 ಓಮ್ ತೋರಿಸಿದರೆ ಅದೂ ಸಾಯುವ ದಾರಿಯಲ್ಲಿದೆ. ಪುಸ್ತಕದ ಅಂಕಿಗಿಂತ ಅಕ್ಕಪಕ್ಕದ ಪ್ಲಗ್‌ಗಳ ಜೊತೆ ಹೋಲಿಸುವುದನ್ನೇ ನಾನು ಜಾಸ್ತಿ ನಂಬುತ್ತೇನೆ. ಮೀಟರ್ ಇಲ್ಲದವರು ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿಯ ಪ್ಲಸ್‌ಗೆ ಹಾಕಿ, ಮೊನೆಯನ್ನು ವೈರ್ ತೆಗೆದ ಪ್ಲಗ್ಗಿನ ತುದಿಗೆ ಮುಟ್ಟಿಸುತ್ತಾರೆ. ಹತ್ತಿದರೆ ತಂತಿ ತುಂಡಾಗಿಲ್ಲ ಅಂತ ಗೊತ್ತಾಗುತ್ತದೆ, ಅಷ್ಟೇ. ಪ್ಲಗ್ ಸರಿಯಾಗಿ ಕಾಯುತ್ತದೋ ಇಲ್ಲವೋ ಅಂತ ಲ್ಯಾಂಪ್ ಹೇಳಲಾರದು.

ಅದನ್ನು ಹೇಳುವುದು ಕ್ಲ್ಯಾಂಪ್ ಮೀಟರ್. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ, ಯಾಕಂದರೆ ಏನನ್ನೂ ಬಿಚ್ಚಬೇಕಾಗಿಲ್ಲ. ಡಿಸಿ ಆಂಪಿಯರ್ ಅಳೆಯುವ ಕ್ಲ್ಯಾಂಪ್ ಬೇಕು. ಮನೆ ವೈರಿಂಗಿಗೆ ಬಳಸುವ ಎಸಿ ಮಾತ್ರದ ಕ್ಲ್ಯಾಂಪ್ ಇಲ್ಲಿ ಸುಮ್ನೆ ಸೊನ್ನೆ ತೋರಿಸುತ್ತದೆ. ರಿಲೇಯಿಂದ ಪ್ಲಗ್‌ಗಳಿಗೆ ಹೋಗುವ ದಪ್ಪ ವೈರಿನ ಸುತ್ತ ಕ್ಲ್ಯಾಂಪ್ ಹಾಕಿ ಕೀ ಆನ್ ಮಾಡಿ. ಹಳೆಯ 12 ವೋಲ್ಟ್ ಮಾದರಿಯಲ್ಲಿ ಮೊದಲ ಕ್ಷಣ ಒಂದೊಂದು ಪ್ಲಗ್ಗೂ 20 ಆಂಪಿಯರ್ ಆಸುಪಾಸು ಎಳೆಯುತ್ತದೆ. ಆಮೇಲೆ ಅಂಕಿ ಕಣ್ಣೆದುರೇ ಇಳಿಯುತ್ತಾ ಬರುತ್ತದೆ, ಲಗಾಮಿನ ಸುರುಳಿ ಕೆಲಸ ಮಾಡುತ್ತಿರುವುದನ್ನು ನೀವು ನೋಡುತ್ತಿದ್ದೀರಿ. ಹತ್ತು ಹದಿನೈದು ಸೆಕೆಂಡಿಗೆ ಒಂದೊಂದಕ್ಕೆ 8ರಿಂದ 12 ಆಂಪಿಯರ್‌ಗೆ ಬಂದು ನಿಲ್ಲುತ್ತದೆ. ನಾಲ್ಕಕ್ಕೆ ಸುಮಾರು 40. ಅಲ್ಲಿ 30 ಕಂಡರೆ ಒಂದು ಪ್ಲಗ್ ಇಲ್ಲ, 20 ಕಂಡರೆ ಎರಡು ಇಲ್ಲ. ಒಂದೊಂದೇ ವೈರಿಗೆ ಕ್ಲ್ಯಾಂಪ್ ಹಾಕಿದರೆ ಯಾವುದು ಅಂತಲೂ ಗೊತ್ತಾಗುತ್ತದೆ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಹೀಟರ್ ಇರುವ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆದು ಸ್ಟಾರ್ಟ್ ಮಾಡಬೇಡಿ. ಕೆಂಪಗೆ ಕಾದ ಪ್ಲಗ್ಗಿಗೆ ಈಥರ್ ತಾಕಿದರೆ ಪಿಸ್ಟನ್ ಮೇಲೆ ಬರುವ ಮೊದಲೇ ಸ್ಫೋಟ ಆಗುತ್ತದೆ. ಪಿಸ್ಟನ್, ರಿಂಗ್ ಒಡೆಯಬಹುದು, ಮ್ಯಾನಿಫೋಲ್ಡ್‌ನಿಂದ ಬೆಂಕಿ ಹಿಂದಕ್ಕೆ ಹೊಮ್ಮಬಹುದು. ಮುಖ ಹತ್ತಿರ ಇಟ್ಟು ಸ್ಪ್ರೇ ಹೊಡೆಯುವವರಿಗೇ ಅದು ಮೊದಲು ತಾಕುವುದು.

ಬಿಚ್ಚುವುದು

ಒಂದು ಸತ್ತಿದ್ದರೆ ಒಂದನ್ನೇ ಬದಲಾಯಿಸಬೇಕೋ ನಾಲ್ಕನ್ನೂ ಬದಲಾಯಿಸಬೇಕೋ? ಒಟ್ಟಿಗೆ ಹಾಕಿದ ಪ್ಲಗ್‌ಗಳು ಒಟ್ಟಿಗೇ ಹಳೆಯದಾಗುತ್ತವೆ. ಲಕ್ಷ ಕಿಲೋಮೀಟರ್ ಆಸುಪಾಸು ಓಡಿದ್ದರೆ ಸೆಟ್ಟನ್ನೇ ಬದಲಾಯಿಸುವುದು ಒಳ್ಳೆಯದು. ಹೊಸದಾಗಿ ಹಾಕಿದ್ದರಲ್ಲಿ ಒಂದು ಹೋಗಿದ್ದರೆ ಅದೊಂದನ್ನೇ ಬದಲಾಯಿಸಿ, ಆದರೆ ಅದು ಯಾಕೆ ಹೋಯಿತು ಅಂತ ಹುಡುಕಿ.

ಪ್ಲಗ್ ಯಾಕೆ ಹಿಡಿದುಕೊಳ್ಳುತ್ತದೆ ಅಂತ ಗೊತ್ತಾದರೆ ಬಿಚ್ಚುವ ರೀತಿ ತಾನಾಗಿಯೇ ತಿಳಿಯುತ್ತದೆ. ಈಗಿನ ಹೆಚ್ಚಿನ ಗಾಡಿಗಳಲ್ಲಿ ಹೆಡ್ ಅಲ್ಯೂಮಿನಿಯಮ್, ಪ್ಲಗ್ ಉಕ್ಕು. ವರ್ಷಗಟ್ಟಲೆ ಬಿಸಿ ತಣ್ಣಗೆ ಆಗುತ್ತಾ ಎರಡು ಲೋಹಗಳು ಥ್ರೆಡ್ಡಿನಲ್ಲಿ ಕಚ್ಚಿಕೊಳ್ಳುತ್ತವೆ. ಅದರ ಕೆಳಗೆ, ತೆಳ್ಳಗಿನ ಕಡ್ಡಿಯ ಸುತ್ತಲಿನ ಸಂದಿನಲ್ಲಿ ಮಸಿ ಕಲ್ಲಿನಂತೆ ಕಟ್ಟಿರುತ್ತದೆ. ಪ್ಲಗ್ಗೋ ಒಳಗೆ ಟೊಳ್ಳು. ಈಗಿನ ಹಲವು ಎಂಜಿನ್‌ಗಳ ಪ್ಲಗ್‌ನ ಥ್ರೆಡ್ ಬರೀ 8 ಮಿಲಿಮೀಟರ್ ದಪ್ಪ. ಜೋರು ಹಾಕಿದರೆ ತಿರುಚಿ ಮುರಿಯುತ್ತದೆ.

ಹಾಗಾಗಿ ಕೆಲಸ ಒಂದೆರಡು ದಿನ ಮೊದಲೇ ಶುರುವಾಗಬೇಕು. ಪ್ಲಗ್ಗಿನ ಬುಡದ ಸುತ್ತಲಿನ ಮಣ್ಣು, ಧೂಳನ್ನು ಗಾಳಿ ಹೊಡೆದು ತೆಗೆಯಿರಿ. ಇಲ್ಲದಿದ್ದರೆ ಬಿಚ್ಚಿದ ಕೂಡಲೇ ಅದು ಸಿಲಿಂಡರ್ ಒಳಗೆ ಬೀಳುತ್ತದೆ. ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಗಾಡಿ ಓಡಿಸಿ, ತಣ್ಣಗಾಗಲಿ, ಮತ್ತೆ ಎಣ್ಣೆ ಬಿಡಿ. ಬಿಸಿ ತಣ್ಣಗೆ ಆಗುವಾಗ ಎಣ್ಣೆ ಥ್ರೆಡ್ಡಿನೊಳಗೆ ಇಳಿಯುತ್ತದೆ.

ಬಿಚ್ಚುವ ದಿನ ಗಾಡಿಯನ್ನು ಚೆನ್ನಾಗಿ ಓಡಿಸಿ ಎಂಜಿನ್ ಪೂರ್ತಿ ಬಿಸಿ ಮಾಡಿ. ಬಿಸಿಗೆ ಅಲ್ಯೂಮಿನಿಯಮ್ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ, ಥ್ರೆಡ್ಡಿನ ಹಿಡಿತ ಸ್ವಲ್ಪ ಸಡಿಲವಾಗುತ್ತದೆ. ಕೈಗೆ ಗ್ಲೌಸ್ ಹಾಕಿ. ಬ್ಯಾಟರಿಯ ಮೈನಸ್ ತೆಗೆಯಿರಿ. ಪ್ಲಗ್ಗಿನ ವೈರ್ ಕ್ಯಾಪನ್ನು ನೇರ ಮೇಲಕ್ಕೆ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಹಳೆಯ ಕ್ಯಾಪ್ ಬಿಸಿಗೆ ಗರಿಗರಿಯಾಗಿರುತ್ತದೆ, ಸೀಳಿಹೋಗುತ್ತದೆ.

ಉದ್ದನೆಯ ಸಾಕೆಟ್ಟನ್ನು ನೇರವಾಗಿ ಕೂರಿಸಿ, ಟಾರ್ಕ್, ಅಂದರೆ ತಿರುಗಿಸುವ ಬಲ ಎಷ್ಟು ಅಂತ ತೋರಿಸುವ ಟಾರ್ಕ್ ರೆಂಚ್ ಹಾಕಿ. ಟೈಟ್ ಮಾಡಲು ಅಲ್ಲ, ಬಿಚ್ಚುವಾಗ ಮಿತಿ ದಾಟದಿರಲು. ಹಾಗಾಗಿ ಎಡಕ್ಕೆ ತಿರುಗಿಸುವಾಗಲೂ ಟಾರ್ಕ್ ತೋರಿಸುವ ರೆಂಚ್ ಆಗಿರಬೇಕು. 8 ಮಿಲಿಮೀಟರ್ ಥ್ರೆಡ್ಡಿನ ಪ್ಲಗ್ಗಿಗೆ 20 ನ್ಯೂಟನ್ ಮೀಟರ್ ಮೇಲೆ ಹೋಗಬೇಡಿ, 10 ಮಿಲಿಮೀಟರಿಗೆ ಸುಮಾರು 35, 12ಕ್ಕೆ ಸುಮಾರು 45. ನಿಮ್ಮ ಗಾಡಿಯ ಪುಸ್ತಕ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ನಂಬಿ. ಮಿತಿಗೆ ಬಂದರೂ ಅಲುಗದಿದ್ದರೆ ನಿಲ್ಲಿಸಿ. ಮತ್ತೆ ಎಣ್ಣೆ, ಮತ್ತೆ ಬಿಸಿ, ಮತ್ತೆ ನಾಳೆ. ಆ ಪ್ಲಗ್ ಇನ್ನೂ ಕಾಯುವ ಸ್ಥಿತಿಯಲ್ಲಿದ್ದರೆ ಅದಕ್ಕೆ ಬೇಕಾದ ವೋಲ್ಟೇಜಿನಲ್ಲೇ ನಾಲ್ಕೈದು ನಿಮಿಷ ಕರೆಂಟ್ ಕೊಡುವುದೂ ಒಂದು ದಾರಿ. ಸುತ್ತಲಿನ ಮಸಿ ಸುಟ್ಟು ಸಡಿಲವಾಗುತ್ತದೆ.

ಕೈಗೆ ಸಿಗುವ ಸೂಚನೆಯನ್ನು ಗಮನಿಸಿ. ಸರಿಯಾಗಿ ಬಿಡುವ ಪ್ಲಗ್ "ಟಕ್" ಅಂತ ಒಮ್ಮೆ ಬಿಟ್ಟು ಆಮೇಲೆ ಹಗುರವಾಗುತ್ತದೆ. ಮುರಿಯಲಿರುವ ಪ್ಲಗ್ ಹಾಗಲ್ಲ. ರೆಂಚ್ ಸ್ವಲ್ಪ ಸರಿಯುತ್ತದೆ, ಕೈ ಸಡಿಲ ಬಿಟ್ಟರೆ ಸ್ಪ್ರಿಂಗಿನಂತೆ ಹಿಂದಕ್ಕೆ ಬರುತ್ತದೆ. ಥ್ರೆಡ್ ತಿರುಗುತ್ತಿಲ್ಲ, ಪ್ಲಗ್ಗಿನ ಮೈ ತಿರುಚುತ್ತಿದೆ ಅಂತ ಅರ್ಥ. ನಾನು ಮೊದಲ ಸಲ ಇದನ್ನು ಅನುಭವಿಸಿದಾಗ "ಬರ್ತಾ ಇದೆ" ಅಂದುಕೊಂಡು ಇನ್ನೊಂದು ಚೂರು ಎಳೆದೆ. ಷಟ್ಕೋನದ ಭಾಗ ಸಾಕೆಟ್ಟಿನ ಜೊತೆ ಕೈಗೆ ಬಂತು, ಉಳಿದದ್ದು ಹೆಡ್ಡಿನಲ್ಲೇ ಉಳಿಯಿತು. ಆ ಸ್ಪ್ರಿಂಗಿನ ಅನುಭವ ಈಗಲೂ ಅಂಗೈಯಲ್ಲಿದೆ.

ಥ್ರೆಡ್ ಬಿಟ್ಟ ಮೇಲೂ ಅವಸರ ಬೇಡ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ಹಿಂದಕ್ಕೆ ಟೈಟ್ ಮಾಡಿ, ಎಣ್ಣೆ ಬಿಟ್ಟು ಮತ್ತೆ ಬಿಚ್ಚಿ. ಥ್ರೆಡ್ ಪೂರ್ತಿ ಹೊರಗೆ ಬಂದೂ ಪ್ಲಗ್ ಮೇಲೆ ಬರದಿದ್ದರೆ ಕೆಳಗೆ ಮಸಿ ಹಿಡಿದಿದೆ. ಇಕ್ಕಳ ಹಾಕಿ ಜಗ್ಗಬೇಡಿ, ತುದಿ ಒಳಗೇ ಉಳಿದೀತು. ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ನೇರ ಮೇಲಕ್ಕೆ ಎತ್ತಬೇಕು.

ಮುರಿದೇ ಹೋದರೆ? ಥ್ರೆಡ್ ಭಾಗ ಹೆಡ್ಡಿನಲ್ಲಿ ಉಳಿದಿದ್ದರೆ ಅದಕ್ಕೆಂದೇ ಇರುವ ಡ್ರಿಲ್ ಗೈಡ್ ಸೆಟ್ಟಿನಲ್ಲಿ ಕೊರೆದು ತೆಗೆಯುತ್ತಾರೆ. ಗೈಡ್ ಇಲ್ಲದೆ ಕೈಯಲ್ಲಿ ಡ್ರಿಲ್ ಹಿಡಿದರೆ ಅಲ್ಯೂಮಿನಿಯಮ್ ಕಡೆಗೆ ಜಾರಿ ಹೆಡ್ ಹಾಳಾಗುತ್ತದೆ. ಈ ಹಂತದಲ್ಲಿ ಅನುಭವ ಇರುವವರ ಕೈಗೆ ಕೊಡುವುದೇ ಮೇಲು. ತುದಿ ಸಿಲಿಂಡರ್ ಒಳಗೆ ಬಿದ್ದಿದೆ ಅನ್ನುವ ಅನುಮಾನ ಇದ್ದರೂ ಸೆಲ್ಫ್ ಹೊಡೆಯಲೇಬೇಡಿ. ಪಿಸ್ಟನ್ ಮತ್ತು ಹೆಡ್ ನಡುವಿನ ಜಾಗ ತೀರಾ ಕಡಿಮೆ, ಆ ತುಂಡಿಗೆ ಅಲ್ಲಿ ಜಾಗವಿಲ್ಲ.

ಹಳೆಯ ಪ್ಲಗ್ ಏನು ಹೇಳುತ್ತದೆ

ಬಿಚ್ಚಿದ ಪ್ಲಗ್‌ಗಳನ್ನು ಯಾವುದು ಯಾವ ಸಿಲಿಂಡರಿನದು ಅಂತ ಸಾಲಾಗಿ ಇಡಿ. ತುದಿ ಉಬ್ಬಿ, ಮೈ ಬಿರಿದಿದ್ದರೆ ವೋಲ್ಟೇಜ್ ಜಾಸ್ತಿಯಾಗಿದೆ ಅಥವಾ ರಿಲೇ ಅಂಟಿಕೊಂಡು ಎಂಜಿನ್ ಓಡುವಾಗಲೂ ಕರೆಂಟ್ ಹರಿಯುತ್ತಿದೆ. ತಪ್ಪು ವೋಲ್ಟಿನ ಪ್ಲಗ್ ಹಾಕಿದ್ದರೂ ಹೀಗೇ ಆಗುತ್ತದೆ. ತುದಿ ಕರಗಿದ್ದರೆ, ಕೊರೆದ ಹಾಗೆ ಸವೆದಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ಸರಿಯಾಗಿ ಚಿಮ್ಮಿಸುತ್ತಿಲ್ಲ, ಸೋರುತ್ತಿದೆ ಅಥವಾ ಡೀಸೆಲ್ ಬೀಳುವ ಸಮಯ ಮುಂಚಿತವಾಗಿದೆ. ಇದನ್ನು ಸರಿಮಾಡದೆ ಹೊಸ ಪ್ಲಗ್ ಹಾಕಿದರೆ ಅದಕ್ಕೂ ಅದೇ ಗತಿ. ಒಂದೇ ಸಿಲಿಂಡರಿನ ಪ್ಲಗ್ ಪದೇ ಪದೇ ಹೋಗುತ್ತಿದ್ದರೆ ಪ್ಲಗ್ಗಿನ ಕಂಪನಿಯನ್ನು ಬೈಯುವ ಮೊದಲು ಆ ಇಂಜೆಕ್ಟರನ್ನು ಪರೀಕ್ಷೆಗೆ ಕೊಡಿ.

ಹೊಸದನ್ನು ಕೂರಿಸುವುದು

ತೂತನ್ನು ಶುಚಿ ಮಾಡದೆ ಹೊಸ ಪ್ಲಗ್ ಹಾಕುವುದು ತುಂಬಾ ಕಡೆ ನಡೆಯುವ ತಪ್ಪು. ಪ್ಲಗ್ಗಿನ ಕಡ್ಡಿಯ ಸುತ್ತ ಸಂದು ಇರಲೇಬೇಕು. ಮಸಿ ತುಂಬಿದ ತೂತಿಗೆ ತಳ್ಳಿದರೆ ತೆಳ್ಳಗಿನ ಕಡ್ಡಿ ಬಾಗುತ್ತದೆ, ಶಾಖ ಮಸಿಯ ಮೂಲಕ ಹೆಡ್ಡಿಗೆ ಸೋರಿ ತುದಿ ಕಾಯುವುದಿಲ್ಲ. ಪ್ಲಗ್ಗಿನ ಅಳತೆಗೆ ಸರಿಯಾದ, ತೂತಿನ ಒಳಗೋಡೆ ಕೆರೆಯುವ ರೀಮರ್ ಸಿಗುತ್ತದೆ. ಅದರ ಹಲ್ಲುಗಳಿಗೆ ಗ್ರೀಸ್ ಮೆತ್ತಿ ಕೈಯಲ್ಲೇ ಬಲಕ್ಕೆ ತಿರುಗಿಸುತ್ತಾ ಇಳಿಸಿ. ಕೆರೆದ ಮಸಿ ಗ್ರೀಸಿಗೆ ಅಂಟಿಕೊಂಡು ಹೊರಗೆ ಬರುತ್ತದೆ. ಒರೆಸಿ, ಮತ್ತೆ ಗ್ರೀಸ್ ಹಚ್ಚಿ, ಮತ್ತೆ ಇಳಿಸಿ. ಕೊನೆಗೆ ಎಲ್ಲ ತೂತುಗಳ ಮೇಲೂ ಬಟ್ಟೆ ಮುಚ್ಚಿ, ಡೀಸೆಲ್ ಚಿಮ್ಮದ ಹಾಗೆ ಮಾಡಿ, ಸೆಲ್ಫ್‌ನಿಂದ ಎಂಜಿನ್ನನ್ನು ಒಂದೆರಡು ಸುತ್ತು ಸುತ್ತಿಸಿದರೆ ಉಳಿದ ಪುಡಿ ಗಾಳಿಯೊಂದಿಗೆ ಹೊರಗೆ ಬರುತ್ತದೆ. ಆಗ ಯಾರೂ ಎಂಜಿನ್ ಮೇಲೆ ಬಗ್ಗಿ ನೋಡಬಾರದು.

ಹೊಸ ಪ್ಲಗ್ಗಿನ ವೋಲ್ಟ್, ಉದ್ದ, ಥ್ರೆಡ್ ಮೂರನ್ನೂ ಹಳೆಯದರ ಪಕ್ಕ ಇಟ್ಟು ನೋಡಿ. ಉದ್ದ ಜಾಸ್ತಿಯಿದ್ದರೆ ತುದಿ ಪಿಸ್ಟನ್ನಿಗೆ ತಾಗೀತು. ಸೆರಾಮಿಕ್ ಪ್ಲಗ್ ಕೈಜಾರಿ ನೆಲಕ್ಕೆ ಬಿದ್ದರೆ, ಹೊರಗೆ ಏನೂ ಕಾಣದಿದ್ದರೂ ಅದನ್ನು ಹಾಕಬೇಡಿ. ಕಣ್ಣಿಗೆ ಕಾಣದ ಬಿರುಕು ಇದ್ದರೆ ಓಡುವಾಗ ತುದಿ ಮುರಿದು ಸಿಲಿಂಡರಿಗೆ ಬೀಳುತ್ತದೆ.

ಥ್ರೆಡ್ಡಿಗೆ ಗ್ರೀಸ್ ಹಚ್ಚಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಪ್ಲಗ್ಗಿನ ಅರ್ಥ್ ಹೆಡ್ಡಿನ ಮೂಲಕವೇ ಆಗಬೇಕು. ಗ್ರೀಸಿನಿಂದ ಥ್ರೆಡ್ ನುಣುಪಾದರೆ ಅದೇ ಟಾರ್ಕಿನಲ್ಲಿ ಪ್ಲಗ್ ಅತಿ ಬಿಗಿಯಾಗುತ್ತದೆ. ತಯಾರಕರು ಹೇಳಿದ್ದರೆ ಮಾತ್ರ, ಅವರು ಹೇಳಿದ ಗ್ರೀಸನ್ನೇ, ಅವರು ಹೇಳಿದ ಜಾಗಕ್ಕೇ ಹಚ್ಚಿ.

ಮೊದಲ ಸುತ್ತುಗಳನ್ನು ಬೆರಳಲ್ಲೇ ಹಾಕಿ. ಬೆರಳಿಗೆ ತಿರುಗದಿದ್ದರೆ ತೆಗೆದು ಮತ್ತೆ ಶುಚಿ ಮಾಡಿ. ಆಮೇಲೆ ಟಾರ್ಕ್ ರೆಂಚ್: 8 ಮಿಲಿಮೀಟರಿನದಕ್ಕೆ ಸುಮಾರು 10 ನ್ಯೂಟನ್ ಮೀಟರ್, 10ರದಕ್ಕೆ 12ರಿಂದ 18, 12ರದಕ್ಕೆ ಸುಮಾರು 22. ಎಷ್ಟು ಕಡಿಮೆ ಅಂತ ಆಶ್ಚರ್ಯ ಆಗಬಹುದು. ಸೋರದ ಹಾಗೆ ಕೂರಿಸುವುದು ಪ್ಲಗ್ಗಿನ ಇಳಿಜಾರು ಅಂಚು, ಅದಕ್ಕೆ ಇಷ್ಟು ಸಾಕು. ಮೇಲಿನ ವೈರಿನ ಪುಟ್ಟ ನಟ್ಟಿಗೆ 2ರಿಂದ 3 ನ್ಯೂಟನ್ ಮೀಟರ್ ಅಷ್ಟೇ. ಅಲ್ಲಿ ಜೋರು ಹಾಕಿ ಹೊಸ ಪ್ಲಗ್ಗಿನ ತಲೆಯನ್ನೇ ಮುರಿದದ್ದನ್ನು ನೋಡಿದ್ದೇನೆ. ಪಟ್ಟಿ, ಕ್ಯಾಪ್‌ಗಳ ಒಳಗೆ ಹಸಿರು ಕಿಲುಬು ಇದ್ದರೆ ತಿಕ್ಕಿ ತೆಗೆಯಿರಿ. ಹತ್ತಾರು ಆಂಪಿಯರ್ ಹರಿಯುವ ಜಾಗ ಅದು.

ಸ್ಕ್ಯಾನರಿನಲ್ಲಿ ಹಳೆಯ ಕೋಡ್ ಅಳಿಸಿ ಗಾಡಿಯನ್ನು ರಾತ್ರಿ ನಿಲ್ಲಿಸಿಬಿಡಿ. ಬಿಸಿ ಎಂಜಿನ್ನಿನಲ್ಲಿ ಸ್ಟಾರ್ಟ್ ಮಾಡಿ ನೋಡಿ "ಸರಿ ಹೋಯಿತು" ಅನ್ನುವುದರಲ್ಲಿ ಅರ್ಥವಿಲ್ಲ, ಅದು ಮೊದಲೂ ಸ್ಟಾರ್ಟ್ ಆಗುತ್ತಿತ್ತು. ಬೆಳಿಗ್ಗೆ ಮತ್ತೆ ಅದೇ ದಪ್ಪ ವೈರಿಗೆ ಕ್ಲ್ಯಾಂಪ್ ಹಾಕಿ, ಕೀ ಆನ್ ಮಾಡಿ, ಅಂಕಿ ಇಳಿದು ನಿಲ್ಲುವ ತನಕ ನೋಡಿ. ಹಳೆಯ 12 ವೋಲ್ಟಿನ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ 40ರ ಹತ್ತಿರ ನಿಂತರೆ ನಾಲ್ಕೂ ಕಾಯುತ್ತಿವೆ. ಅಷ್ಟಾದ ಮೇಲೂ ಎಂಜಿನ್ ನಡುಗಿ ಬಿಳಿ ಹೊಗೆ ಬಿಟ್ಟರೆ ಹೀಟರಿನ ಕಡೆ ಹುಡುಕುವುದನ್ನು ಬಿಟ್ಟು ಕಂಪ್ರೆಷನ್ ಗೇಜ್ ಹಾಕಿ ನೋಡಿ.